ಫೀಸು ಕಟ್ಟಿದರಷ್ಟೇ ಸಾಲದು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ನಾವು ವಿದ್ಯಾರ್ಥಿವೇತನ ಕೊಡಲು ಆರಂಭಿಸಿದಾಗ ಕಾಲೇಜು ಸೇರುವುದೆಂದರೆ ಕೌಂಟರಿನಲ್ಲಿ ಅರ್ಜಿ ಕೊಳ್ಳುವುದು, ಬ್ಯಾಂಕಿನಲ್ಲಿ ಚಲನ್ ಕಟ್ಟುವುದು, ನೋಟಿಸ್ ಬೋರ್ಡಿನಲ್ಲಿ ಹೆಸರು ಹುಡುಕುವುದು. ಈಗ ವಿಶ್ವವಿದ್ಯಾಲಯದ ಬಾಗಿಲು ಮೊಬೈಲಿನಲ್ಲಿದೆ. 2021ರಿಂದ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಪದವಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಗಳನ್ನು ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆಗೆ ತರತೊಡಗಿದವು. ಸರಕಾರಿ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅಂಕಪಟ್ಟಿ ಡಿಜಿಲಾಕರಿಗೆ ಬರುತ್ತಿದೆ. 2017ರಲ್ಲಿ ಆರಂಭವಾದ 'ಸ್ವಯಂ' ವೇದಿಕೆಯಲ್ಲಿ ಐಐಟಿ ಪ್ರಾಧ್ಯಾಪಕರ ಪಾಠವನ್ನು ಮನೆಯಲ್ಲೇ ಕುಳಿತು ಕೇಳಬಹುದು. ವಿಶ್ವವಿದ್ಯಾಲಯ ಒಪ್ಪಿದರೆ ಒಂದು ಸೆಮಿಸ್ಟರಿನ ಶೇ. 40ರಷ್ಟು ವಿಷಯಗಳನ್ನು ಹೀಗೆ ಕಲಿಯಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿತು.

ಇದರಿಂದ ಲಾಭವಿದೆ. ಒಂದು ಸಹಿಗಾಗಿ ದಿನದ ಕೂಲಿ ಬಿಟ್ಟು ಬಸ್ಸು ಹತ್ತುವುದು ಕಡಿಮೆಯಾಗಿದೆ. ಆದರೆ ಕಳೆದ ವರ್ಷ ನಡೆದದ್ದನ್ನೂ ಹೇಳಬೇಕು. ನಮ್ಮ ನೆರವು ಪಡೆಯುತ್ತಿದ್ದ ಒಬ್ಬ ಹೆಣ್ಣುಮಗಳ ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ತುಂಬಿಸಲಾಗಿತ್ತು. ಮನೆಯ ಒಂದೇ ಫೋನು ಕೆಲಸಕ್ಕೆ ಹೋಗುವ ಅಣ್ಣನ ಜೇಬಿನಲ್ಲಿ. ಹಾಗಾಗಿ ಅಂಗಡಿಯವರ ನಂಬರನ್ನೇ ಕೊಟ್ಟಿದ್ದರು. ಓಟಿಪಿ ಅಲ್ಲಿಗೇ ಹೋಯಿತು, ಪರೀಕ್ಷಾ ಶುಲ್ಕದ ಕೊನೆಯ ದಿನದ ಸಂದೇಶವೂ ಅಲ್ಲಿಗೇ ಹೋಯಿತು. ಆಕೆಗೆ ತಿಳಿಯುವಷ್ಟರಲ್ಲಿ ದಿನ ಕಳೆದಿತ್ತು. ಒಂದು ಸೆಮಿಸ್ಟರ್ ಕೈತಪ್ಪಿತು.

ಫೀಸನ್ನು ನಾವು ಕೊಟ್ಟಿದ್ದೆವು. ಫೋನ್ ಯಾರ ಕೈಯಲ್ಲಿದೆ ಎಂದು ಕೇಳಿರಲಿಲ್ಲ. ತಪ್ಪು ನಮ್ಮದೂ ಹೌದು. ದಾನಿಗಳ ಹಣ ನಮ್ಮಲ್ಲಿರುವ ಅಮಾನತ್ತು. ಅದು ಮಗುವನ್ನು ಪರೀಕ್ಷಾ ಕೊಠಡಿಯವರೆಗೆ ತಲುಪಿಸಬೇಕು.

ಆದ್ದರಿಂದ ಈ ವರ್ಷದ ನಮ್ಮ ಅರ್ಜಿಯಲ್ಲಿ ಎರಡು ಹೊಸ ಪ್ರಶ್ನೆಗಳಿವೆ: ಓದಲು ಮನೆಯಲ್ಲಿ ಫೋನ್ ಅಥವಾ ಲ್ಯಾಪ್‌ಟಾಪ್ ಸಿಗುತ್ತದೆಯೇ? ಅರ್ಜಿಯಲ್ಲಿ ಕೊಟ್ಟ ನಂಬರ್ ಯಾರದು? 'ಇಲ್ಲ' ಎಂದು ಬರೆಯಲು ಸಂಕೋಚ ಬೇಡ. ಹಾಗೆ ಬರೆದವರಿಗೇ ನಮ್ಮ ಮೊದಲ ಆದ್ಯತೆ. ಪ್ರತಿ ಭಾನುವಾರ ಕಚೇರಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಉಚಿತವಾಗಿ ಅರ್ಜಿ ತುಂಬಿಸಿಕೊಡುತ್ತಾರೆ.

ಪೋಷಕರೇ, ನಿಮ್ಮದೇ ನಂಬರ್ ಕೊಡಿ. ಅದು ಆಧಾರಿಗೆ ಜೋಡಣೆಯಾಗಿರಲಿ. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೂ ಆಧಾರ್ ಜೋಡಿಸಿ. ಪಾಸ್‌ವರ್ಡನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ, ಅಂಗಡಿಯಲ್ಲಿ ಬಿಟ್ಟುಬರಬೇಡಿ.

ದಾನಿಗಳೇ, ನಿಮ್ಮ ಮನೆಯಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ನಮಗೆ ತಲುಪಿಸಿ. ಆ ಹೆಣ್ಣುಮಗಳು ಈ ವರ್ಷ ಮತ್ತೆ ಪರೀಕ್ಷೆಗೆ ಕೂರುತ್ತಿದ್ದಾಳೆ. ಈ ಬಾರಿ ಅರ್ಜಿಯಲ್ಲಿರುವುದು ಆಕೆಯದೇ ನಂಬರ್.