ಆಸಿಡ್ಡಿನ ಕಾಲದವರೂ ಗುಂಡಿ ಒತ್ತುವವರೂ

(ಗೆಜ್ಜಲಗೆರೆಯಲ್ಲಿ ಸೇರಿದ್ದ ಹಾಲಿನ ಸಂಘಗಳ ನೌಕರರು ಮತ್ತು ಹಾಲು ಹಾಕುವವರ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮನ್ನು ಈ ಸಭೆಗೆ ಕರೆದವರು ಇಬ್ಬರು. ಒಬ್ಬರು ಮೂವತ್ತು ವರ್ಷ ಹಾಲು ಪರೀಕ್ಷೆ ಮಾಡಿ ಇನ್ನೆರಡು ವರ್ಷಕ್ಕೆ ಕೆಲಸ ಬಿಡಲಿರುವ ಹಿರಿಯರು. ಇನ್ನೊಬ್ಬ, ಸಂಘಗಳ ಕಂಪ್ಯೂಟರು ಕೆಟ್ಟಾಗ ಬೈಕು ಹತ್ತಿ ಓಡಿಬಂದು ರಿಪೇರಿ ಮಾಡುವ ಹುಡುಗ. ಹಿರಿಯರು ನಮ್ಮನ್ನು ಪಕ್ಕಕ್ಕೆ ಕರೆದು, "ಈ ಮಿಷಿನ್ನುಗಳ ವಿಚಾರ ಸ್ವಲ್ಪ ಖಾರವಾಗೇ ಮಾತಾಡಿ" ಎಂದರು. ಹುಡುಗ, "ನಮ್ಮ ಹಳಬರಿಗೆ ನಾಲ್ಕು ಬುದ್ಧಿಮಾತು ಹೇಳಿ ಸಾರ್" ಎಂದ. ಇಬ್ಬರ ಅಪ್ಪಣೆಯನ್ನೂ ಒಟ್ಟಿಗೆ ನಡೆಸುವುದು ನಮ್ಮಿಂದ ಆಗದ ಕೆಲಸ. ಆದುದರಿಂದ ಇಬ್ಬರಿಗೂ ಸ್ವಲ್ಪ ಬೇಸರವಾಗುವಂತೆ ಮಾತಾಡಬೇಕೆಂದು ನಿಶ್ಚಯಿಸಿ ಬಂದಿದ್ದೇವೆ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗಿಬರುವವರಿಗೆ ಗೆಜ್ಜಲಗೆರೆ ಎಂದರೆ ಡೈರಿ. ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯ ಹಾಲು ಬಂದು ಸೇರುವುದು ಇಲ್ಲಿಗೆ. ನಾಲೆಗೆ ನೀರು ಬಿಡದ ವರ್ಷವೂ, ಕಬ್ಬಿನ ಬಾಕಿ ಕೈಗೆ ಬಾರದ ವರ್ಷವೂ ಮನೆಯ ಉಪ್ಪು ಮೆಣಸಿನಕಾಯಿಗೆ ದಾರಿಯಾದುದು ಹಾಲಿನ ಬಟವಾಡೆ. ಆ ಬಟವಾಡೆಯನ್ನು ಗೊತ್ತುಮಾಡುವುದು ಎರಡು ಅಂಕಿಗಳು, ಫ್ಯಾಟು ಮತ್ತು ಎಸ್.ಎನ್.ಎಫ್. ಹಸುವಿನ ಹಾಲಿಗೆ 3.5 ಮತ್ತು 8.5 ಎಂಬುದು ಇಲ್ಲಿ ಕೂತ ತಾಯಂದಿರಿಗೆಲ್ಲ ಬಾಯಿಪಾಠ. ಆ ಅಂಕಿಯನ್ನು ಹೇಳುವವರು ಯಾರು, ಹೇಳುವ ಬಗೆ ಯಾವುದು ಎಂಬುದೇ ಹಳಬರಿಗೂ ಹೊಸಬರಿಗೂ ನಡೆದಿರುವ ಜಗಳ.

ಹಳಬರ ವಿದ್ಯೆ ಸಣ್ಣದಲ್ಲ. ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬುವನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಪರೀಕ್ಷೆ ಅದು. ಉದ್ದ ಕೊರಳಿನ ಗಾಜಿನ ಕೊಳವೆಗೆ 10 ಮಿಲಿಲೀಟರು ಗಂಧಕಾಮ್ಲ, ಅದರ ಮೇಲೆ ಕೊಳವೆಯ ಗೋಡೆಗುಂಟ ಮೆಲ್ಲಗೆ 10.75 ಮಿಲಿಲೀಟರು ಹಾಲು, ಆಮೇಲೆ 1 ಮಿಲಿಲೀಟರು ಅಮೈಲ್ ಆಲ್ಕೋಹಾಲು. ಬಿರಡೆ ಹಾಕಿ ಕುಲುಕಿದರೆ ಕೊಳವೆ ಕೈ ಸುಡುತ್ತದೆ. ಅದನ್ನು ಐದು ನಿಮಿಷ ಗಿರಗಿರನೆ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು, ಕೊರಳಿನಲ್ಲಿ ನಿಂತ ಕೊಬ್ಬಿನ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಬಿರಡೆ ಹಾರಿ ಅಂಗಿ ತೂತಾಗದ ಟೆಸ್ಟರನು ಹಳಬರಲ್ಲಿ ಸಿಕ್ಕುವುದು ಅಪರೂಪ. ಲ್ಯಾಕ್ಟೋಮೀಟರು ಬಿಡುವ ಮುನ್ನವೇ ಕ್ಯಾನಿನ ಹಾಲು ಸುರಿಯುವ ಸದ್ದಿನಲ್ಲಿ ನೀರಿನ ಸುಳಿವು ಹಿಡಿಯುವವರನ್ನು ನಾವು ಕಂಡಿದ್ದೇವೆ.

ಈಗ ಮೇಜಿನ ಮೇಲೆ ಕೂತಿರುವ ಪೆಟ್ಟಿಗೆಗೆ ಆಸಿಡ್ಡು ಬೇಡ. ಅದು ಹಾಲನ್ನು ಒಳಕ್ಕೆ ಎಳೆದುಕೊಂಡು, ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲಾದ ಶಬ್ದವನ್ನು ಅದರ ಮೂಲಕ ಹಾಯಿಸುತ್ತದೆ. ಶಬ್ದ ಹೋಗುವ ವೇಗವನ್ನು ಅಳೆದು ಫ್ಯಾಟು, ಎಸ್.ಎನ್.ಎಫ್. ಎರಡನ್ನೂ ಒಂದು ನಿಮಿಷದಲ್ಲಿ ಹೇಳುತ್ತದೆ. ತೂಕದ ಯಂತ್ರವೂ ಅದೂ ಕಂಪ್ಯೂಟರಿಗೆ ಸೇರಿ, ಹೆಸರು, ತೂಕ, ದರ, ಹಣ ಎಲ್ಲ ಬರೆದ ಚೀಟಿ ಹೊರಗೆ ಬರುತ್ತದೆ. ಹುಡುಗರಿಗೆ ಇದು ಇಷ್ಟವಾದರೆ ತಪ್ಪೇನು?

ಹಳಬರು ಕೋಪಿಸಿಕೊಳ್ಳಬಾರದು, ಒಂದು ಮಾತು ಹೇಳಿಬಿಡುತ್ತೇವೆ. ಆಸಿಡ್ಡಿನ ಪರೀಕ್ಷೆ ನಿಜವಾದುದು, ಆದರೆ ಸಾಲಿನಲ್ಲಿ ನಿಂತ ನೂರು ಜನರ ಹಾಲಿಗೆ ಅದನ್ನು ಅವರೆದುರಿಗೇ ಮಾಡಿ ಮುಗಿಸುವುದು ಆಗುತ್ತಿರಲಿಲ್ಲ. ಮಾದರಿ ಎತ್ತಿಟ್ಟು ಆಮೇಲೆ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಪುಸ್ತಕ ಬರೆಯುವ ಕೈ ಯಾರ ಮನೆಯದು, ಯಾರ ಮಾತಿಗೆ ನಡುಗುವುದು? ಊರ ಯಜಮಾನರ ಕ್ಯಾನಿಗೆ ಸದಾ ಒಳ್ಳೆಯ ಡಿಗ್ರಿ, ಊರಾಚೆಯ ಕಾಲೋನಿಯಿಂದ ಒಂದೂವರೆ ಲೀಟರು ಹಿಡಿದು ಬಂದವಳಿಗೆ ಸದಾ "ನೀರಾಗಿದೆ" ಎಂಬ ಮಾತು. ಇಂಥದು ಎಲ್ಲ ಕಡೆಯೂ ನಡೆಯಿತೆಂದು ಹೇಳುವುದಿಲ್ಲ, ನಡೆದುದನ್ನು ಕಣ್ಣಾರೆ ಕಂಡಿದ್ದೇವೆ. ಅಂಥ ಒಬ್ಬ ತಾಯಿಯನ್ನು, ಮಿಷಿನ್ನು ಬಂದದ್ದು ಹೇಗಾಯಿತವ್ವಾ ಎಂದು ಕೇಳಿದೆವು. "ಅದ್ಕೆ ನಮ್ ಬೀದಿ ಯಾವ್ದು ಅಂತ ಗೊತ್ತಿಲ್ಲ ಕಣಪ್ಪ" ಎಂದಳು. ಯಂತ್ರಗಳ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದವನ್ನು ನಾವು ಯಾವ ಪಂಡಿತರಿಂದಲೂ ಕೇಳಿಲ್ಲ.

ಹಾಗೆಂದು ಹುಡುಗರು ಎದೆಯುಬ್ಬಿಸಬೇಕಾಗಿಲ್ಲ. ನಾವು ಹಾಲು ಹಾಕುವ ಸಂಘದಲ್ಲಿ ನಡೆದುದನ್ನು ಕೇಳಿ.

ಒಂದು ಬೇಸಗೆಯಲ್ಲಿ ಎಲ್ಲರ ಫ್ಯಾಟೂ ಇಳಿಯತೊಡಗಿತು. 3.7 ಬರುತ್ತಿದ್ದ ಹಸುವಿಗೆ 3.3, ಮರುದಿನ 3.2. ಮೊದಲು ಎಲ್ಲರೂ ಹಿಂಡಿಯನ್ನು ಬೈದರು, ಆಮೇಲೆ ಬಿಸಿಲನ್ನು ಬೈದರು. ಗುಂಡಿ ಒತ್ತುವ ಹುಡುಗ ಮಿಷಿನ್ನನ್ನು ಆರಿಸಿ ಹಚ್ಚಿದ, ಫೋನು ಮಾಡಿದ, ರಿಪೇರಿಯವನು ಮೂರು ದಿನವಾದರೂ ಬರಲಿಲ್ಲ. ಅವನ ಪಾಲಿಗೆ ಅಷ್ಟು ಸಂಘಗಳು. "ಮಿಷಿನ್ ಹೇಳಿದ್ ಮೇಲೆ ಮುಗೀತು ಮಾವ, ಅದೇನು ಸುಳ್ಳು ಹೇಳ್ತದಾ?" ಎಂದು ಹುಡುಗ ಹಳೆಯ ಟೆಸ್ಟರಿಗೆ ಹೇಳಿದ. ಹಳಬರು, "ಸುಳ್ಳೋ ನಿಜವೋ ಕಾಣೆ ಕಣ್ ಮಗ, ಊರಿನ ಹಸುಗಳೆಲ್ಲ ಒಂದೇ ದಿನ ಮಾತಾಡ್ಕೊಂಡು ಕೊಬ್ಬು ಇಳಿಸೋದು ನಾನು ನೋಡಿಲ್ಲ" ಎಂದರು. ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಯಿತು. ಆಸಿಡ್ಡಿನಲ್ಲಿ ನೋಡಿದರೆ ಅದೇ ಹಾಲಿಗೆ 3.7.

ಇಲ್ಲಿಗೆ ಕಥೆ ನಿಂತಿದ್ದರೆ ಹಳಬರ ಜಯವಾಗುತ್ತಿತ್ತು. ಆದರೆ ಮಿಷಿನ್ನು ಯಾತಕ್ಕೆ ತಪ್ಪಿತು ಎಂಬುದು ಹಳಬರಿಗೆ ತಿಳಿಯಲಿಲ್ಲ. ಅದು ತಿಳಿದುದು ಹುಡುಗನಿಗೆ. ಯಂತ್ರದ ಒಳಗೆ ಹಾಲಿನ ಪೊರೆ ಕಟ್ಟಬಾರದೆಂದು ಅದನ್ನು ತೊಳೆಯುವ ದ್ರಾವಣ ಇರುತ್ತದೆ. ಅದು ಮುಗಿದು ಹದಿನೈದು ದಿನವಾಗಿತ್ತು, ಬರೀ ನೀರಿನಲ್ಲಿ ತೊಳೆಯುತ್ತಿದ್ದರು. ಖರೀದಿಗೆ ಬರೆದ ಚೀಟಿ ಎಲ್ಲೋ ಒಂದು ಮೇಜಿನ ಮೇಲೆ ಮಲಗಿತ್ತು. ದ್ರಾವಣ ತಂದು ಎರಡು ಸಾರಿ ತೊಳೆದ ಮೇಲೆ ಅಂಕಿ ಮೇಲೆದ್ದಿತು. ಕ್ಯಾನಿನಿಂದ ರಭಸವಾಗಿ ಸುರಿದ ನೊರೆಹಾಲನ್ನು ಕೂಡಲೇ ಮಿಷಿನ್ನಿಗೆ ಕೊಡಬಾರದು, ಗಾಳಿಗುಳ್ಳೆಗೆ ಶಬ್ದ ತಡೆಯುತ್ತದೆ ಎಂಬುದನ್ನೂ ಅವತ್ತೇ ಇಬ್ಬರೂ ಕೂಡಿ ಕಂಡುಕೊಂಡರು. ಆ ಹದಿನೈದು ದಿನದ ಕಡಿತದ ಹಣ ಮಾತ್ರ ಯಾರಿಗೂ ವಾಪಸು ಬರಲಿಲ್ಲ, ಏಕೆಂದರೆ ಚೀಟಿಯಲ್ಲಿ ಅಚ್ಚಾಗಿಬಿಟ್ಟಿತ್ತು! ಪುಸ್ತಕದಲ್ಲಿ ಬರೆದುದನ್ನು ಹೊಡೆದುಹಾಕಿ ತಿದ್ದಬಹುದಾಗಿತ್ತು. ಕಂಪ್ಯೂಟರು ಬರೆದುದನ್ನು ತಿದ್ದುವ ಅಧಿಕಾರ ಊರಿನಲ್ಲಿ ಯಾರಿಗೂ ಇಲ್ಲ.

ಇದು ಹಾಲಿನ ಮನೆಯ ಮಾತಷ್ಟೇ ಅಲ್ಲ. ಇಲ್ಲಿಂದ ಕೂಗಳತೆಯ ಮದ್ದೂರಿನ ತಾಲ್ಲೂಕು ಕಚೇರಿಯನ್ನು ನೋಡಿ. ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಭೂಮಿ ಯೋಜನೆ 2000ದ ಹೊತ್ತಿಗೆ ಮೊದಲು ಕಣ್ಣು ಬಿಟ್ಟುದು ನಮ್ಮ ಮದ್ದೂರಿನಲ್ಲೇ. ಕೆಲವೇ ವರ್ಷದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಅದರೊಳಗೆ ಸೇರಿದವು, ಕೈಬರಹದ ಪಹಣಿಗೆ ಬೆಲೆ ಹೋಯಿತು. 15 ರೂಪಾಯಿ ಕೊಟ್ಟು ರೈತ ಕಿಟಕಿಯಲ್ಲಿ ಪಹಣಿ ಪಡೆದ. ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು, ಅದು ಸಣ್ಣ ಲಾಭವಲ್ಲ. ಅವತ್ತು ಹೊಸದಾಗಿ ನೇಮಕವಾಗಿದ್ದ ತರುಣ ಲೆಕ್ಕಿಗರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಹಳಬರು ಮುಖ ತಿರುಗಿಸಿದರು. ಅವರ ಮೇಲಾಟಿಕೆ ಹೋಯಿತೆಂಬ ಸಂಕಟ ಕೆಲವರದು. ತಪ್ಪಾಗಿ ಏರಿದ ಹೆಸರನ್ನು, ವಿಸ್ತೀರ್ಣವನ್ನು ತಿದ್ದಿಸಲು ರೈತ ಎಷ್ಟು ಅಲೆಯಬೇಕಾದೀತೆಂಬ ನಿಜವಾದ ಚಿಂತೆ ಇನ್ನು ಕೆಲವರದು. ಎರಡನೆಯವರ ಚಿಂತೆಯನ್ನು ಮೊದಲನೆಯವರ ಸಂಕಟವೆಂದೇ ಎಣಿಸಿ ತಳ್ಳಿಹಾಕಿದುದು ಅವತ್ತಿನ ತಪ್ಪು.

ಇನ್ನು 2024ರ ಸೆಪ್ಟೆಂಬರಿಗೆ ಬನ್ನಿ. ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ಬಿಟ್ಟು ಮುಷ್ಕರಕ್ಕೆ ಕೂತರು. ಅವರ ದೂರು ಏನು? 17ಕ್ಕೂ ಹೆಚ್ಚು ಆ್ಯಪುಗಳಲ್ಲಿ ಕೆಲಸ ಮಾಡು ಎನ್ನುತ್ತಾರೆ, ಅದಕ್ಕೆ ತಕ್ಕ ಮೊಬೈಲು, ಲ್ಯಾಪ್‌ಟಾಪು, ಇಂಟರ್ನೆಟ್ಟು ಕೊಡುವುದಿಲ್ಲ ಎಂಬುದು. ಅಲ್ಲಿ ಕೂತವರಲ್ಲಿ ಕೈಯಲ್ಲಿ ಫೋನು ಹಿಡಿದೇ ಬೆಳೆದ ಹುಡುಗ ಹುಡುಗಿಯರು ಎಷ್ಟೋ ಮಂದಿ. ಅವರನ್ನು ಹಳೆಯ ಕಾಲದವರು, ಯಂತ್ರಕ್ಕೆ ಹೆದರುವವರು ಎಂದು ಯಾರು ಹೇಳಬಲ್ಲರು? ಹಳಬ ಒಲ್ಲೆನೆಂದರೆ ಅವನಿಗೆ ಬಾರದು ಎನ್ನುತ್ತಾರೆ, ಹೊಸಬ ಒಲ್ಲೆನೆಂದರೆ ಸೋಮಾರಿ ಎನ್ನುತ್ತಾರೆ. ಒಲ್ಲೆನೆಂಬುದಕ್ಕೆ ಕಾರಣವನ್ನು ಮಾತ್ರ ಕೇಳುವುದಿಲ್ಲ.

ಕೇಳಲು ದಾರಿಯೇ ಇಲ್ಲವೆನ್ನಬೇಡಿ. 1983ರಲ್ಲಿ ಬ್ಯಾಂಕು ನೌಕರರ ಸಂಘಗಳು ಆಡಳಿತದವರೊಡನೆ ಮೇಜಿನ ಎದುರುಬದುರು ಕೂತು ಕಂಪ್ಯೂಟರು ತರುವ ಬಗ್ಗೆ ಒಪ್ಪಂದ ಬರೆದುಕೊಂಡವು. ಅದರಲ್ಲಿ ನಷ್ಟವೂ ಇರಬಹುದು, ಲಾಭವೂ ಇರಬಹುದು. ಕೆಲಸಗಾರನಿಗೆ ಒಂದು ಕುರ್ಚಿಯಂತೂ ಇತ್ತು. ಡಾಕ್ಟರ್ ಲೋಹಿಯಾ 1952ರಲ್ಲಿ ಪಂಚಮಢಿಯ ಸಮ್ಮೇಳನದಲ್ಲಿ ಸಣ್ಣ ಯಂತ್ರದ ವಿಚಾರ ಎತ್ತಿದರು. ಹಳ್ಳಿಯ ಕೈಗೆ ನಿಲುಕುವ, ಊರಿನವರು ತಾವೇ ಆಳಬಲ್ಲ ಯಂತ್ರ ಬೇಕೆಂಬುದು ಅವರ ಹಂಬಲ. ಗಾತ್ರ ನೋಡಿದರೆ ನಮ್ಮ ಹಾಲಿನ ಪೆಟ್ಟಿಗೆ ಸಣ್ಣದೇ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಆದರೆ ಅದರ ಬೀಗ ಊರಿನ ಕೈಯಲ್ಲಿಲ್ಲ. ಅಂಥದನ್ನು ಸಣ್ಣ ಯಂತ್ರವೆಂದು ಕರೆಯಲು ನಮಗೆ ನಾಲಗೆ ಬಾರದು.

ಇನ್ನೊಂದನ್ನು ಹೇಳದೆ ಬಿಟ್ಟರೆ ನೀವೇ ನಮ್ಮನ್ನು ಬೈಯುತ್ತೀರಿ. 2021ರಲ್ಲಿ ನಮ್ಮದೇ ಜಿಲ್ಲೆಯಲ್ಲಿ ಒಕ್ಕೂಟಕ್ಕೆ ಬರುತ್ತಿದ್ದ ಟ್ಯಾಂಕರುಗಳ ಹಾಲಿಗೆ ನೀರು ಬೆರೆಸುತ್ತಿದ್ದ ಹಗರಣ ಬಯಲಾಯಿತು. ಟ್ಯಾಂಕರಿನ ಹೊಟ್ಟೆಯೊಳಗೆ ಗುಟ್ಟಾದ ಇನ್ನೊಂದು ಅರೆ. ಹಳ್ಳಿಯಲ್ಲಿ ಯಂತ್ರವು ಬಡವಿಯ ಒಂದೂವರೆ ಲೀಟರಿನ ಮುಂದೆ ಕಣ್ಣು ಬಿಟ್ಟುಕೊಂಡು ಕೂತಿತ್ತು, ಸಾವಿರಾರು ಲೀಟರಿನ ಹಾಲು ರಸ್ತೆಯ ಮೇಲೆ ನೀರಾಗುತ್ತಿತ್ತು. ಯಾವ ತುದಿಯಲ್ಲಿ ಯಂತ್ರ ಇಡಬೇಕು, ಯಾವ ತುದಿಯಲ್ಲಿ ಕಣ್ಣು ಮುಚ್ಚಬೇಕು ಎಂಬುದನ್ನು ಗೊತ್ತುಮಾಡುವವರು ಹಳಬ ಟೆಸ್ಟರೂ ಅಲ್ಲ, ಗುಂಡಿಯ ಹುಡುಗನೂ ಅಲ್ಲ. ಹಾಗಿರುವಾಗ ಇವರಿಬ್ಬರು ಯಾತಕ್ಕೆ ಮುಖ ಮುಖ ಹೊಡೆದಾಡುವುದು?

ರಿಪೇರಿಯ ಹುಡುಗನ ಪಾಡನ್ನೂ ತಿಳಿದುಕೊಳ್ಳಿ. ನಮ್ಮನ್ನು ಕರೆದ ಈ ಹುಡುಗ ಕಂತ್ರಾಟಿನವನು. ಪೆಟ್ರೋಲಿನ ಹಣ ತಿಂಗಳು ತಡವಾಗಿ ಬರುತ್ತದೆ. ಬೆಳಗಿನ ಆರು ಗಂಟೆಗೆ ಮಿಷಿನ್ನು ನಿಂತರೆ ಸಾಲಿನಲ್ಲಿ ನಿಂತ ಜನ ಬೈಯುವುದು ಅವನನ್ನು. ಯಂತ್ರದ ಮೇಲೆ ಅವನಿಗೆ ಪ್ರೀತಿಯಿದೆ, ಅದನ್ನು ಬಿಚ್ಚಿ ಜೋಡಿಸುವಾಗ ಅವನ ಮುಖ ನೋಡಬೇಕು. ಆ ಪ್ರೀತಿಯನ್ನೇ ಅಗ್ಗದ ಕೂಲಿಗೆ ಕೊಂಡುಕೊಳ್ಳುತ್ತಿದ್ದಾರೆ.

ನಾವು ಒಕ್ಕೂಟದ ಮುಂದೆ ಇಡಬೇಕೆಂದಿರುವ ಬೇಡಿಕೆಗಳನ್ನು ಬರೆದು ತಂದಿದ್ದೇವೆ, ಓದಿ ಕೇಳಿಸುತ್ತೇವೆ. ಪ್ರತಿ ಸಂಘದಲ್ಲೂ ಆಸಿಡ್ಡಿನ ಪರೀಕ್ಷೆಯ ಪೆಟ್ಟಿಗೆ ಸುಸ್ಥಿತಿಯಲ್ಲಿ ಇರತಕ್ಕದ್ದು, ಹಾಲು ಹಾಕುವ ಯಾರೇ ಕೇಳಿದರೂ ಅವರೆದುರಿಗೆ ಮಾಡಿ ತೋರಿಸತಕ್ಕದ್ದು. ವಾರಕ್ಕೊಮ್ಮೆ ಅದೇ ಹಾಲನ್ನು ಎರಡು ಬಗೆಯಲ್ಲೂ ನೋಡಿ, ಎರಡು ಅಂಕಿಯನ್ನೂ ಹಲಗೆಯ ಮೇಲೆ ಬರೆಯತಕ್ಕದ್ದು. ಯಂತ್ರ ತಪ್ಪಿದ್ದು ಗೊತ್ತಾದರೆ ಹಿಂದಿನ ಬಟವಾಡೆ ತಿದ್ದತಕ್ಕದ್ದು. ತೊಳೆಯುವ ದ್ರಾವಣಕ್ಕೆ ಸಂಘದ ಕಾರ್ಯದರ್ಶಿ ಯಾರ ಸಹಿಗೂ ಕಾಯಬೇಕಾಗಿರಕೂಡದು. ರಿಪೇರಿಯವರು ಒಕ್ಕೂಟದ ನೌಕರರಾಗತಕ್ಕದ್ದು. ಹೊಸ ಯಂತ್ರ ಕೊಳ್ಳುವ ಸಮಿತಿಯಲ್ಲಿ ಒಬ್ಬ ಟೆಸ್ಟರು, ಒಬ್ಬ ರಿಪೇರಿಯವನು, ಹಾಲು ಹಾಕುವ ಒಬ್ಬ ಹೆಂಗಸು ಕೂರತಕ್ಕದ್ದು. ಕಡೆಯದು ಸೇರಿದ್ದು ಬೀದಿಯ ಮಾತು ಹೇಳಿದ ಆ ತಾಯಿಯ ಒತ್ತಾಯದಿಂದ.

ಇನ್ನು ನಿಮ್ಮೊಳಗಿನ ಕೆಲಸ. ಹಿರಿಯರು ಇನ್ನೆರಡು ವರ್ಷಕ್ಕೆ ಹೋಗುತ್ತಾರೆ. ಅವರು ಹೋದ ದಿನ ಕೊಳವೆಯ ಗೆರೆ ಓದುವವರು ಆ ಸಂಘದಲ್ಲಿ ಯಾರೂ ಇರುವುದಿಲ್ಲ. ಅವರು ಪೆಟ್ಟಿಗೆಯನ್ನು ಸಭೆಗೆ ತಂದಿದ್ದಾರೆ, ಅಲ್ಲಿ ಕಂಬದ ಪಕ್ಕದಲ್ಲಿದೆ. ಸಂಜೆ ಐದೂವರೆಗೆ ಹಾಲು ಬರುತ್ತದೆ. ಮಿಷಿನ್ನು ಬಿಚ್ಚಿ ತೊಳೆಯುವುದನ್ನು ತೋರಿಸಲು ಹುಡುಗನೂ ಒಪ್ಪಿದ್ದಾನೆ. ಅಷ್ಟರೊಳಗೆ ಈ ಕಾಗದಕ್ಕೆ ಸಹಿ ಹಾಕುವವರು ಮುಂದೆ ಬನ್ನಿ, ಹೆಬ್ಬೆಟ್ಟಿಗೆ ಶಾಯಿಯೂ ಇದೆ.