ಕೆರೆಯ ಕೊನೆಯ ನೀರು ಮೀನಿಗಿರಲಿ

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಕೆರೆಯೆಂದೊಡನೆ ನಮ್ಮ ಸಭೆಗಳಲ್ಲಿ ಏರಿ, ತೂಬು, ಕೋಡಿ, ಹೂಳುಗಳ ಚರ್ಚೆ ನಡೆಯುತ್ತದೆ. ಮೀನಿನ ಪ್ರಸ್ತಾಪ ಬರುವುದು ಪಾಶುವಾರು ಹರಾಜಿನ ದಿನ. ಅದೂ ಮೊತ್ತದ ಮಟ್ಟಿಗೆ. ಆ ಮೊತ್ತ ಹುಟ್ಟುವುದು ಕೆರೆಯ ಆರೋಗ್ಯದಿಂದ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ನನ್ನದೇ ತಪ್ಪೊಂದರಿಂದ ಆರಂಭಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕೆರೆಯ ಹೂಳೆತ್ತಿಸಿದೆವು. ಎಂಜಿನಿಯರಿಂಗ್ ಓದಿದ ನನಗೆ ಘನ ಮೀಟರುಗಳ ಲೆಕ್ಕವೇ ಮುಖ್ಯವಾಗಿತ್ತು. ಅಂಗಳವನ್ನು ತಟ್ಟೆಯಂತೆ ಸಮತಟ್ಟು ಮಾಡಿ, ದಡವನ್ನು ಕಡಿದಾಗಿ ಕತ್ತರಿಸಿ, ಜೊಂಡನ್ನೆಲ್ಲ ಬುಡಸಹಿತ ಕೀಳಿಸಿದೆವು. ಛಾಯಾಚಿತ್ರದಲ್ಲಿ ಕೆರೆ ಸೊಗಸಾಗಿ ಕಂಡಿತು. ಮರುವರ್ಷದ ಬೇಸಿಗೆಯಲ್ಲಿ ಉಳಿದ ನೀರು ಮೊಣಕಾಲುದ್ದಕ್ಕೆ ಹರಡಿ ಕಾಯತೊಡಗಿತು. ಒಂದು ಮುಂಜಾನೆ ಮೀನುಗಳು ಬಾಯ್ತೆರೆಯುತ್ತ ಮೇಲೆ ಬಂದವು. ಮಧ್ಯಾಹ್ನದ ಹೊತ್ತಿಗೆ ಸತ್ತು ತೇಲಿದವು. ಗಾಳ ಹಿಡಿದು ಬರುತ್ತಿದ್ದ ಹಿರಿಯರೊಬ್ಬರು, "ಸಾರ್, ನೀರಿಗೇನೋ ಜಾಗ ಮಾಡಿದ್ರಿ, ಮೀನಿಗೂ ಮಾಡಲಿಲ್ಲ, ನಮಗೂ ಮಾಡಲಿಲ್ಲ" ಎಂದರು. ಆ ದಡದಿಂದ ಅವರು ನೀರಿಗಿಳಿಯುವಂತೆಯೇ ಇರಲಿಲ್ಲ.

ಕಾರಣ ಸರಳವಾದುದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯುತ್ತವೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಹಗಲು ಅದನ್ನು ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸಿಕೊಳ್ಳುತ್ತದೆ. ಆದ್ದರಿಂದಲೇ ಮೀನು ಸಂಕಟಪಡುವುದು ಬೆಳಗಿನ ಜಾವದಲ್ಲಿ.

ಆದಕಾರಣ ನಾಲ್ಕು ವಿಷಯಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಮಡು. ಹೂಳೆತ್ತುವಾಗ ತೂಬಿನ ಮಟ್ಟಕ್ಕಿಂತ ಕೆಳಗೆ, ಬೇಸಿಗೆಯಲ್ಲೂ ಎರಡು ಮೀಟರ್ ನೀರು ನಿಲ್ಲುವಂತೆ ಒಂದು ಭಾಗವನ್ನು ಆಳಗೊಳಿಸಬೇಕು. ಏರಿಯ ಬುಡಕ್ಕೆ ಅಪಾಯವಾಗದಂತೆ ಅದು ದೂರವಿರಲಿ. ಹೇಮಾವತಿ ನಾಲೆಯಿಂದ ಕೆರೆ ತುಂಬುವ ಊರುಗಳಲ್ಲಿಯೂ ನಾಲೆ ನಿಂತ ತಿಂಗಳುಗಳಲ್ಲಿ ಮೀನಿಗೆ ಆಸರೆ ಈ ಮಡುವೇ. ಅದಕ್ಕೆ ಪಂಪು ಇಡಬಾರದೆಂದು ಗ್ರಾಮಸಭೆಯಲ್ಲಿಯೇ ತೀರ್ಮಾನವಾಗಲಿ.

ಎರಡನೆಯದು, ದಡ. ನೀರನ್ನು ಮುಚ್ಚುವ ಅಂತರಗಂಗೆಯನ್ನು ತೆಗೆಯಲೇಬೇಕು. ಆದರೆ ಅಂಚಿನ ಜೊಂಡನ್ನು ಒಂದು ಬದಿಯಲ್ಲಾದರೂ ಉಳಿಸಬೇಕು. ಕೊರಮೀನಿನಂಥ ನಾಡಮೀನುಗಳು ಮರಿ ಮಾಡುವುದು ಅಲ್ಲಿಯೇ. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ. ಅವುಗಳ ಮರಿಗಳನ್ನು ನಾವೇ ಬಿಡಬೇಕು. ನಾಡಮೀನಿಗೆ ಆ ಖರ್ಚಿಲ್ಲ.

ಮೂರನೆಯದು, ಒಳಹರಿವು. ಚರಂಡಿ ನೀರು ನೇರವಾಗಿ ಕೆರೆಗೆ ಸೇರಬಾರದು. ಶುಂಠಿ, ಆಲೂಗಡ್ಡೆ, ತಂಬಾಕಿಗೆ ಔಷಧಿ ಹೊಡೆದ ಡ್ರಮ್ಮುಗಳನ್ನು ಕೆರೆಯಲ್ಲಿ ತೊಳೆಯುವುದು ನಿಲ್ಲಬೇಕು.

ನಾಲ್ಕನೆಯದು, ಹರಾಜಿನ ಷರತ್ತು. ನೀರಿಗೆ ವಿಷ ಬೆರೆಸಿ ಅಥವಾ ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ಕಾನೂನೇ ಅಪರಾಧವೆಂದಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೂ ನಿಷೇಧವಿದೆ. ಇವುಗಳನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸೋಣ. ಅದರೊಡನೆ ಊರಿನವರು ಗಾಳ ಹಾಕಲು ಒಂದು ದಡವನ್ನು ಬಿಡಬೇಕೆಂಬ ಷರತ್ತನ್ನೂ ಸೇರಿಸೋಣ. ಮಡುವಿನಿಂದ ದೂರದಲ್ಲಿ ಇಳಿಜಾರು ದಾರಿಯನ್ನೂ ನಾಲ್ಕು ಮೆಟ್ಟಿಲುಗಳನ್ನೂ ಕಟ್ಟಿದರೆ ಮಕ್ಕಳಿಗೂ ವೃದ್ಧರಿಗೂ ಜಾನುವಾರುಗಳಿಗೂ ಅಪಾಯ ತಪ್ಪುತ್ತದೆ. ಕೆರೆಗೆ ದಿನವೂ ಹೋಗುವವನೇ ಕೆರೆಯ ಮೊದಲ ಕಾವಲುಗಾರ. ನೀರಿನ ಬಣ್ಣ ಕೆಟ್ಟರೆ ನಮಗಿಂತ ಮೊದಲು ತಿಳಿಯುವುದು ಅವನಿಗೆ.

ಇದು ನಮಗೆ ಹೊಸ ವಿಚಾರವಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಜನರೇ ಕಾಯ್ದುಕೊಂಡು ಬಂದಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೆಸರು ಬಂದುದೇ ಒಂದು ಕೊಳದಿಂದ. ಅಲ್ಲಿ ಭಕ್ತಿ ಮಾಡಿದ ಕೆಲಸವನ್ನು ನಮ್ಮ ಊರುಗಳಲ್ಲಿ ಒಂದು ನಿರ್ಣಯ ಮಾಡಬಲ್ಲುದು.

ಮುಂದಿನ ಕ್ರಿಯಾ ಯೋಜನೆಯಲ್ಲಿ ಕೆರೆ ಕಾಮಗಾರಿಯನ್ನು ಸೇರಿಸುವ ಮುನ್ನ ಅಂದಾಜು ಪಟ್ಟಿಯನ್ನು ತರಿಸಿಕೊಂಡು ಎರಡೇ ಪ್ರಶ್ನೆ ಕೇಳಿ: ಮಡು ಎಲ್ಲಿದೆ? ನೀರಿಗಿಳಿಯುವ ದಾರಿ ಎಲ್ಲಿದೆ? ನಾನು ಅಂದು ಕೇಳದೆಹೋದ ಪ್ರಶ್ನೆಗಳಿವು.