ಹೋಮ್ ಲೋನ್ ಫೈಲ್ ಮತ್ತು ದೊಡ್ಡಮ್ಮನ ಐದು ಸೆಂಟ್ಸ್

ಇವತ್ತಿನ ವಿಷಯ ಹೋಮ್ ಲೋನ್. ಬಡ್ಡಿದರದ ಬಗ್ಗೆ ಅಲ್ಲ, ಅದಕ್ಕೂ ಮೊದಲು ಬರುವ ಕಾಗದಪತ್ರಗಳ ಬಗ್ಗೆ.

ನಾನು ಮಣಿಪಾಲದಲ್ಲಿ ಕೆಲಸ ಮಾಡುವವನು. ಅಮ್ಮನ ಮನೆ ಕಾಪು ಹತ್ತಿರದ ಹಳ್ಳಿ. ಅಲ್ಲಿ ಅಜ್ಜಿಯ ಇಪ್ಪತ್ತು ಸೆಂಟ್ಸ್ ಜಾಗ ಉಂಟು. ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಸಿಕ್ಕಿದ್ದು. ಮನೆ ಕಟ್ಟುವ ಅಂತ ಫಾರಂ 16, ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಿಬಿಲ್ ಸ್ಕೋರ್ ಎಲ್ಲಾ ಹಿಡ್ಕೊಂಡು ಹೋದೆ. ಬ್ಯಾಂಕಿನ ವಕೀಲರು ಅದನ್ನು ನೋಡ್ಲೇ ಇಲ್ಲ. "ಆರ್‌ಟಿಸಿ ಯಾರ ಹೆಸರಲ್ಲಿ ಉಂಟು?" ಅಂತ ಕೇಳಿದ್ರು. ಅಜ್ಜಿ ಹೆಸರಲ್ಲಿ. ಅಜ್ಜಿ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು.

"ಬಾಯಿಮಾತಲ್ಲಿ ಪಾಲಾಗಿದೆ, ಜಾಗ ಅಮ್ಮನಿಗೇ" ಅಂದೆ. ಬಾಯಿಮಾತಿಗೆ ಸಾಲ ಸಿಗುದಿಲ್ಲ ಮಾರಾಯ್ರೆ. ಅಜ್ಜಿಗೆ ಇಬ್ಬರು ಮಕ್ಕಳು: ಅಮ್ಮ, ಮತ್ತೆ ಮುಂಬೈಯಲ್ಲಿರುವ ದೊಡ್ಡಮ್ಮ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಮೇಲೆ ದೊಡ್ಡಮ್ಮನ ಹಕ್ಕು ಬಿಡುಗಡೆ ಪತ್ರ ಅಥವಾ ನೋಂದಣಿಯಾದ ಪಾಲುಪಟ್ಟಿ ಬೇಕು ಅಂದ್ರು.

ನಾನು ಫೋನ್ ಮಾಡಿ "ಒಂದು ಸೈನ್ ಬೇಕಿತ್ತು ದೊಡ್ಡಮ್ಮ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸೈನ್ ಅಲ್ಲ ಮಗಾ, ನನ್ನ ಪಾಲು" ಅಂದ್ರು.

ಅಮ್ಮನಿಗೆ ತುಂಬಾ ಬೇಜಾರಾಯ್ತು, ನನ್ನ ಮೇಲೆ. ಕೊನೆಗೆ ನಾವಿಬ್ಬರೂ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೇ ಹೋದೆವು. ದೊಡ್ಡಮ್ಮ ಕೇಳಿದ್ದು ಬಾವಿ ಬದಿಯ ಐದು ಸೆಂಟ್ಸ್ ಮಾತ್ರ. ಅರ್ಧ ಕೇಳುವ ಹಕ್ಕು ಅವರಿಗಿತ್ತು. ವಾಪಸ್ ಬಂದು 11ಇ ನಕ್ಷೆ ಮಾಡಿಸಿದೆವು. ದೊಡ್ಡಮ್ಮ ಊರಿಗೆ ಬಂದಾಗ ಪಾಲುಪಟ್ಟಿ ನೋಂದಣಿ ಆಯ್ತು. ಆಮೇಲೆ ಅಮ್ಮನ ಹೆಸರಿಗೆ ಮ್ಯುಟೇಶನ್, ಭೂಪರಿವರ್ತನೆ, ಪಂಚಾಯತ್‌ನಿಂದ ಇ-ಸ್ವತ್ತು ನಮೂನೆ 9 ಮತ್ತು 11, ಮನೆ ಕಟ್ಟಲು ಪರವಾನಗಿ. ಜಾಗ ಅಮ್ಮನದ್ದಾದ ಕಾರಣ ಸಾಲಕ್ಕೆ ಅವರದ್ದೂ ಸೈನ್. ಒಟ್ಟು ಎಂಟು ತಿಂಗಳು.

ಕಾರ್ಕಳದ ನನ್ನ ಫ್ರೆಂಡ್ ಒಬ್ಬ ಮೊದಲು ಅಡ್ವಾನ್ಸ್ ಕೊಟ್ಟ, ಆಮೇಲೆ ಕಾಗದ ಕೇಳಿದ. ಸೈಟಿಗೆ ಭೂಪರಿವರ್ತನೆಯೇ ಆಗಿರಲಿಲ್ಲ. ಲೋನ್ ಆಗ್ಲಿಲ್ಲ, ಅಡ್ವಾನ್ಸೂ ಇನ್ನೂ ಬರ್ಲಿಲ್ಲ. ಹಾಗಾಗಿ ಮೊದಲು ಆರ್‌ಟಿಸಿ, ಋಣಭಾರ ಪತ್ರ ಅಂದ್ರೆ ಇಸಿ, ಮೂಲಪತ್ರ ನೋಡಿ. ಆಮೇಲೆ ದುಡ್ಡಿನ ಮಾತು.

ಹಳೇ ಪತ್ರದಲ್ಲಿ "ಉಡುಪಿ ತಾಲೂಕು, ದಕ್ಷಿಣ ಕನ್ನಡ" ಅಂತ ಇದ್ರೆ ಗಾಬರಿ ಬೇಡ; ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ, ಕಾಪು ತಾಲೂಕು ಅದಕ್ಕೂ ಎಷ್ಟೋ ವರ್ಷದ ನಂತರ. ಆದ್ರೆ ಆಧಾರ್‌ನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಇದ್ರೆ ಈಗಲೇ ಸರಿ ಮಾಡಿಸಿ. ಬ್ಯಾಂಕಿಗೆ ಕೊಡುವ ಮೂಲಪತ್ರಗಳಿಗೆ ಪಟ್ಟಿ ಮಾಡಿಸಿ, ರಶೀದಿ ತಗೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅದನ್ನು ವಾಪಸ್ ಕೊಡ್ಬೇಕು. ಬ್ಯಾಂಕಿನ ತಪ್ಪಿಂದ ತಡವಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ 2023ರ ನಿಯಮ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಟ್ರಂಕ್ ತೆಗೆದು, ಜಾಗ ಯಾರ ಹೆಸರಲ್ಲಿ ಉಂಟು ಅಂತ ನೋಡಿ. ಸೈನ್ ಬೇಕಾದವರು ದೂರ ಇದ್ರೆ ಫೋನಲ್ಲಿ ಮುಗಿಸ್ಬೇಡಿ, ಹೋಗಿ ಮಾತಾಡಿ. ಮುಂದಿನ ವಾರ ಸಿಗುವ.